ಖಡಕ್ ರೊಟ್ಟಿ, ಚೀಸ್, ಒಣದ್ರಾಕ್ಷಿ: ಶರದೃತುವಿನ ಶಾರ್ಕುಟರಿ ಬೋರ್ಡ್ ಜೋಡಿಸುವುದು ಹೇಗೆ?

ಊಟಕ್ಕೆ ಮುಂಚೆ ಮರದ ಹಲಗೆ ತುಂಬ ಚೀಸ್, ಉಪ್ಪಿನಲ್ಲಿ ಹದಗೊಳಿಸಿದ ಮಾಂಸ, ಹಣ್ಣು, ಬೀಜ, ಬಿಸ್ಕಿಟ್ ಜೋಡಿಸಿ ಅತಿಥಿಗಳ ನಡುವೆ ಇಡುವುದು ಯುರೋಪಿನ ಪದ್ಧತಿ; ಆ ಹಲಗೆಯೇ ಶಾರ್ಕುಟರಿ ಬೋರ್ಡ್. ಅಲ್ಲಿ ಶರತ್ಕಾಲವೆಂದರೆ ಅಂಜೂರ, ಪಿಯರ್, ಸೇಬು, ಅಕ್ರೋಟ. ನಮ್ಮಲ್ಲಿ ದಸರಾದಿಂದ ದೀಪಾವಳಿ ಮುಗಿಯುವವರೆಗೆ ಸಂತೆಗೆ ಬರುವ ಸರಕೇ ಬೇರೆ, ಹವೆಯೂ ಬೇರೆ. ನೋಡಲು ಚೆಂದವಿದ್ದ ಬೋರ್ಡ್ ಬಾಯಿಗೆ ಹಿಡಿಸದೆ ಹೋಗುವುದು ಬಹುಪಾಲು ಎರಡು ಕಾರಣಕ್ಕೆ: ಮಧ್ಯಾಹ್ನದ ಸೆಕೆ, ಹಸಿ ಪದಾರ್ಥದ ಪಸೆ. ಕೆಳಗಿನ ಕ್ರಮವೆಲ್ಲ ಇವೆರಡನ್ನು ತಡೆಯುವುದಕ್ಕೇ ಇದೆ. ಅಳತೆ ಎಂಟು ಜನರಿಗೆ, ಆಮೇಲೆ ಊಟವಿದೆ ಎಂದು ಲೆಕ್ಕ ಹಾಕಿದ್ದು. ಇದನ್ನೇ ಊಟವಾಗಿ ಕೊಡುವುದಾದರೆ ಚೀಸ್, ಮಾಂಸ, ರೊಟ್ಟಿ ಇಮ್ಮಡಿಯಾಗಲಿ.

ಸಂತೆಯಲ್ಲಿ ಏನು ಕೊಳ್ಳಬೇಕು

ಚೀಸ್ ಒಟ್ಟು 350 ಗ್ರಾಂ ಸಾಕು. ಒಂದು ಗಟ್ಟಿ (ಚೆಡ್ಡರ್), ಒಂದು ನಡುತರದ್ದು (ಗೌಡಾ), ಒಂದು ಮೆತ್ತನೆಯದು. ಮೊದಲ ಎರಡು ಬೆಳಗಾವಿಯ ದೊಡ್ಡ ಸೂಪರ್ ಮಾರ್ಕೆಟ್‌ಗಳಲ್ಲಿ ಸಿಗುತ್ತವೆ; ಮೂರನೆಯದನ್ನು ಮನೆಯಲ್ಲೇ ಚಕ್ಕಾ (ನೀರು ಬಸಿದ ಗಟ್ಟಿ ಮೊಸರು) ಕಟ್ಟಿ ಮಾಡಿಕೊಳ್ಳುವುದು ಅಗ್ಗ, ರುಚಿಯೂ ಮೇಲು. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದೆಯೇ ನೋಡಿ. ಹಾಲು ಒಡೆಯಲು ಬಳಸುವ ರೆನೆಟ್ ಕೆಲವು ವಿದೇಶಿ ಚೀಸ್‌ಗಳಲ್ಲಿ ಕರುವಿನ ಹೊಟ್ಟೆಯಿಂದ ತೆಗೆದದ್ದು. ಇಟಲಿಯ ಪಾರ್ಮಿಜಾನೊ ರೆಜಿಯಾನೊ ಅಂಥದ್ದು. ಸಸ್ಯಾಹಾರಿ ಅತಿಥಿಗಳಿಗೆ ಅದು ನಡೆಯುವುದಿಲ್ಲ.

ಮಾಂಸ 300 ಗ್ರಾಂ: ಚಿಕನ್ ಸಲಾಮಿ, ಹ್ಯಾಮ್, ಹೊಗೆ ಹಾಯಿಸಿದ ಚಿಕನ್ ಸ್ಲೈಸ್. ಇಲ್ಲಿ ಇವು ಹೆಚ್ಚಾಗಿ ಫ್ರೀಜರ್‌ನಲ್ಲೇ ಸಿಗುವುದರಿಂದ ಹಿಂದಿನ ರಾತ್ರಿ ಫ್ರಿಜ್‌ನ ಕೆಳಗಿನ ಖಾನೆಗೆ ಇಳಿಸಿ ಕರಗಲು ಬಿಡಿ. ಕಟ್ಟೆಯ ಮೇಲಿಟ್ಟು ಕರಗಿಸಿದರೆ ನೀರು ಬಿಟ್ಟು ಲೋಳೆಯಾಗುತ್ತದೆ, ಹೊರಪದರ ಕೆಡಲೂ ಶುರುವಾಗುತ್ತದೆ. ಬೇಯಿಸಿ ತಿನ್ನಿ ಎಂದು ಬರೆದಿದ್ದರೆ ಬೇಯಿಸಲೇಬೇಕು. ಗೋವಾದಿಂದ ತರುವ ಶೊರಿಸ್ ಸಾಸೇಜನ್ನು ಸಲಾಮಿಯಂತೆ ಹಸಿಯಾಗಿ ಹೆಚ್ಚಿಡುವ ತಪ್ಪು ಬೇಡ. ಸಿಪ್ಪೆ ಬಿಡಿಸಿ, ಉಳ್ಳಾಗಡ್ಡಿ, ಸ್ವಲ್ಪ ನೀರಿನೊಂದಿಗೆ 25 ನಿಮಿಷ ಬೇಯಿಸಿ, ನೀರು ಆರಿದ ಮೇಲೆ ಬಟ್ಟಲಲ್ಲಿ ಬಿಸಿಯಾಗಿ ಇಡಿ. ಹಂದಿ ಮಾಂಸ ಎಂದು ಮೊದಲೇ ಹೇಳಿ.

ಹಣ್ಣಿನಲ್ಲಿ ದಾಳಿಂಬೆ ಎರಡು, ಸೇಬು ಎರಡು, ಗಟ್ಟಿ ಪೇರಲ ಎರಡು, ಸಿಕ್ಕರೆ ಹಸಿ ಅಂಜೂರ ಆರು. ಹಸಿ ದ್ರಾಕ್ಷಿ ಬಿಟ್ಟುಬಿಡಿ. ವಿಜಯಪುರ, ಅಥಣಿ ಕಡೆಯ ಬಳ್ಳಿಗಳಲ್ಲಿ ಹಣ್ಣು ಬರುವುದು ಫೆಬ್ರುವರಿಯ ಹೊತ್ತಿಗೆ. ಅಕ್ಟೋಬರ್‌ನಲ್ಲಿ ಅಲ್ಲಿ ಬಳ್ಳಿ ಸವರುವ ಕೆಲಸ ನಡೆದಿರುತ್ತದೆ. ಈಗ ಬೋರ್ಡ್‌ಗೆ ಬರಬೇಕಾದದ್ದು ವಿಜಯಪುರದ ಒಣದ್ರಾಕ್ಷಿ, ಹಸಿರು ಮತ್ತು ಕಪ್ಪು ಕೂಡಿ 100 ಗ್ರಾಂ. ಸೀತಾಫಲ ಈ ಕಾಲದ್ದೇ, ಆದರೆ ಬೀಜ ಉಗುಳುತ್ತ ಮಾತಾಡುವುದು ಯಾರಿಗೂ ಹಿತವಲ್ಲ; ಅದು ಊಟದ ನಂತರಕ್ಕೆ ಇರಲಿ. ಉಳಿದಂತೆ ಹುರಿದ ಶೇಂಗಾ 100 ಗ್ರಾಂ, ಗೋಡಂಬಿ 100 ಗ್ರಾಂ, ಗೋಕಾಕ ಅಥವಾ ಅಮೀನಗಡದ ಕರದಂಟು 200 ಗ್ರಾಂ, ಬೆಳಗಾವಿ ಕುಂದಾ 150 ಗ್ರಾಂ.

ಹಿಂದಿನ ದಿನದ ಕೆಲಸ

ಚಕ್ಕಾ: ಎಮ್ಮೆ ಹಾಲಿನ ಗಟ್ಟಿ ಮೊಸರು ಅರ್ಧ ಕಿಲೋ. ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ, ಜರಡಿಯಲ್ಲಿಟ್ಟು, ಕೆಳಗೊಂದು ಪಾತ್ರೆ ಕೊಟ್ಟು ರಾತ್ರಿಯಿಡೀ ಫ್ರಿಜ್‌ನಲ್ಲಿ ಇಡಿ. ಶ್ರೀಖಂಡಕ್ಕೆ ಮಾಡುವಂತೆ ಹೊರಗೆ ಗೂಟಕ್ಕೆ ತೂಗುಹಾಕಿದರೆ ಈ ಹವೆಗೆ ಹುಳಿಯಾಗುತ್ತದೆ. ಸಕ್ಕರೆ ಬೀಳುವ ಶ್ರೀಖಂಡಕ್ಕೆ ಆ ಹುಳಿ ಮುಚ್ಚಿಹೋದೀತು, ಇಲ್ಲಿ ಮುಚ್ಚದು. ಬೆಳಿಗ್ಗೆ ಕಾಲು ಚಮಚ ಉಪ್ಪು ಬೆರೆಸಿ, ಮೇಲೆ ಅಗಸಿ ಹಿಂಡಿ (ಅಗಸೆ ಬೀಜದ ಚಟ್ನಿಪುಡಿ) ಅಥವಾ ಗುರೆಳ್ಳು ಚಟ್ನಿಪುಡಿ ಉದುರಿಸಿ. ಹಿಂಡಿಯನ್ನು ಬಡಿಸುವ ಮುನ್ನವೇ ಉದುರಿಸಬೇಕು. ಬೇಗ ಹಾಕಿದರೆ ನೆನೆದು ಕಪ್ಪು ಕೆಸರಾಗುತ್ತದೆ.

ಪೇರಲ ಹಣ್ಣಿನ ಪಾಕ: ಗಟ್ಟಿ ಚೀಸಿಗೆ ಸ್ಪೇನಿನವರು ಕ್ವಿನ್ಸ್ ಹಣ್ಣಿನ ಬರ್ಫಿಯಂಥ ಪಾಕ ಜೊತೆ ಮಾಡುತ್ತಾರೆ, ಅದೇ ಕೆಲಸವನ್ನು ನಮ್ಮ ಪೇರಲ ಚೆನ್ನಾಗಿ ಮಾಡುತ್ತದೆ. ಅರ್ಧ ಕಿಲೋ ಮಾಗಿದ ಹಣ್ಣನ್ನು ಹೆಚ್ಚಿ, ಒಂದು ಲೋಟ ನೀರಲ್ಲಿ 15 ನಿಮಿಷ ಬೇಯಿಸಿ, ಜರಡಿಯಲ್ಲಿ ತಿಕ್ಕಿ ಬೀಜ ತೆಗೆಯಿರಿ. ತಿರುಳನ್ನು ತೂಗಿ, ಅದರ ಮುಕ್ಕಾಲು ತೂಕ ಸಕ್ಕರೆ, ಇಂಡಿ ಊರಿನ ಒಂದು ಲಿಂಬೆಯ ರಸ ಸೇರಿಸಿ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗೆ ಇಡಿ. ತಳ ಬಿಟ್ಟು ಮುದ್ದೆಯಾಗಲು ಅರ್ಧ ತಾಸು ಬೇಕಾಗಬಹುದು. ಪಾಕ ಕುದಿಯುವಾಗ ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಹಿಡಿಯಿರಿ. ತುಪ್ಪ ಸವರಿದ ತಟ್ಟೆಗೆ ಸುರಿದು ರಾತ್ರಿ ಆರಲು ಬಿಡಿ. ಬೇಗ ಇಳಿಸಿದರೆ ಜಾಮ್ ಆಗಿ ಉಳಿಯುತ್ತದೆ, ಬಟ್ಟಲಿಗೆ ಹಾಕಿದರಾಯಿತು. ಹೆಚ್ಚು ಹೊತ್ತು ಕುದಿಸಿದರೆ ಹಲ್ಲಿಗೆ ಅಂಟುವ ಪೆಪ್ಪರಮಿಂಟು, ಅದಕ್ಕೆ ಉಪಾಯವಿಲ್ಲ.

ಖಡಕ್ ರೊಟ್ಟಿ: ಬಿಸ್ಕಿಟ್‌ಗಿಂತ ಇದೇ ಮೇಲು. ಅಂಗಡಿಯ ಕ್ರ್ಯಾಕರ್‌ಗೆ ತನ್ನದೇ ಉಪ್ಪು ಇರುತ್ತದೆ, ಚೀಸಿನ ಉಪ್ಪಿನ ಜೊತೆ ಸೇರಿ ಬಾಯಿ ಒಣಗುತ್ತದೆ. ಜೋಳದ ರೊಟ್ಟಿಗೆ ಆ ತೊಂದರೆ ಇಲ್ಲ. ಎಂಟು ರೊಟ್ಟಿ ಬೇಕು, ನಾಲ್ಕು ಜೋಳದ್ದು, ನಾಲ್ಕು ಎಳ್ಳು ಹಚ್ಚಿದ ಸಜ್ಜೆಯದು. ಒಣಗಿದ ರೊಟ್ಟಿ ಮುರಿದರೆ ಅಡ್ಡಾದಿಡ್ಡಿ ಚೂರಾಗಿ ಪುಡಿಯೇ ಹೆಚ್ಚು. ಅದಕ್ಕೆ ಹಂಚಿನ ಮೇಲೆ ಎರಡೂ ಬದಿ ಬೆಂದು ಇನ್ನೂ ಮೆತ್ತಗಿರುವಾಗಲೇ ಕೆಳಗಿಳಿಸಿ, ಚಾಕುವಿನಿಂದ ಎಂಟು ತ್ರಿಕೋನ ಕತ್ತರಿಸಿ, ಮತ್ತೆ ಹಂಚಿಗೆ ಹಾಕಿ ಸಣ್ಣ ಉರಿಯಲ್ಲಿ ಬಟ್ಟೆಯಿಂದ ಒತ್ತುತ್ತ ಖಡಕ್ ಮಾಡಿ. ಪೂರ್ತಿ ಆರಿದ ಮೇಲೆಯೇ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಉಗಿ ಕಟ್ಟಿ ಚರ್ಮದಂತಾಗುತ್ತದೆ. ಹಾಗಾದರೆ ಮತ್ತೆ ಹಂಚಿನ ಮೇಲೆ ಎರಡು ನಿಮಿಷ.

ಒಣದ್ರಾಕ್ಷಿಯನ್ನು ತೊಳೆದು ಬಟ್ಟೆಯ ಮೇಲೆ ಹರವಿಡಿ. ದಾಳಿಂಬೆ ಬಿಡಿಸಿ ಡಬ್ಬಿಯಲ್ಲಿ ಫ್ರಿಜ್‌ಗೆ.

ಹಲಗೆ

45 ಸೆಂ.ಮೀ. ಉದ್ದ, 30 ಅಗಲ. ಪಾಲಿಶ್ ಅಥವಾ ವಾರ್ನಿಶ್ ಹೊಡೆದ ಹಲಗೆ ಆಹಾರಕ್ಕೆ ಸಲ್ಲದು. ಹೊಳಪಿಗೆ ಶೇಂಗಾ ಎಣ್ಣೆ ಸವರಿದರೆ ಕೆಲವು ದಿನಕ್ಕೆ ಕಮಟು ವಾಸನೆ ಹಿಡಿಯುತ್ತದೆ. ಹಲಗೆ ಇಲ್ಲದಿದ್ದರೆ ದೊಡ್ಡ ಸ್ಟೀಲ್ ಪರಾತದಲ್ಲಿ ಒರೆಸಿ ಒಣಗಿಸಿದ ಬಾಳೆ ಎಲೆ ಹಾಸಿ. ಹಿತ್ತಾಳೆ ಪರಾತ ಚೆಂದ ಕಂಡರೂ ಕಲಾಯಿ ಇಲ್ಲದಿದ್ದರೆ ಚಕ್ಕಾ, ಲಿಂಬೆ, ದಾಳಿಂಬೆಯ ಹುಳಿಗೆ ಕಿಲುಬು ಬಿಡುತ್ತದೆ.

ಮಾಂಸ ತಿನ್ನುವವರು, ತಿನ್ನದವರು ಕೂಡಿಯೇ ಬರುವ ಮನೆಗಳೇ ನಮ್ಮಲ್ಲಿ ಹೆಚ್ಚು. ಒಂದೇ ಹಲಗೆಯಲ್ಲಿ ಎರಡು ಭಾಗ ಮಾಡಿದರೆ ಸಾಲದು. ಹಲಗೆ, ಚಾಕು, ಚಿಮಟ ಬೇರೆಬೇರೆ ಇರಲಿ, ಎರಡು ಮೇಜಿನ ಮೇಲಿರಲಿ. ಸಸ್ಯಾಹಾರದ ಹಲಗೆಯಲ್ಲಿ ಮಾಂಸದ ಜಾಗಕ್ಕೆ ಪನೀರ್: ಬೆರಳಗಲ ಕತ್ತರಿಸಿ, ಗುರೆಳ್ಳು ಚಟ್ನಿಪುಡಿ, ಎಣ್ಣೆ ಸವರಿ ಎರಡು ತಾಸು ಫ್ರಿಜ್‌ನಲ್ಲಿಟ್ಟು, ಹಂಚಿನ ಮೇಲೆ ಕೆಂಪಗೆ ಹುರಿಯಿರಿ. ಬೆಳ್ಳುಳ್ಳಿ ತಿನ್ನದವರಿದ್ದರೆ ಚಟ್ನಿಪುಡಿಯನ್ನೂ ಅದಿಲ್ಲದೆ ಮಾಡಿಸಿ.

ಜೋಡಣೆ

ಅತಿಥಿಗಳು ಬರುವ ಮುಕ್ಕಾಲು ತಾಸು ಮುಂಚೆ ಶುರು ಮಾಡಿ. ಮೊದಲು ಬಟ್ಟಲುಗಳು: ಚಕ್ಕಾ, ದಾಳಿಂಬೆ, ಕುಂದಾ, ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ). ಪಸೆ ಇರುವುದೆಲ್ಲ ಬಟ್ಟಲಲ್ಲೇ. ದಾಳಿಂಬೆ ಕಾಳನ್ನು ಬಿಡಿಯಾಗಿ ಚೆಲ್ಲಿದರೆ ಫೋಟೊಕ್ಕೆ ಚೆಂದ, ಆದರೆ ಉರುಳಿ ಒಡೆದು ಚೀಸಿಗೆ ಕೆಂಪು ಹಿಡಿಸಿ, ರೊಟ್ಟಿ ಮೆತ್ತಗೆ ಮಾಡುತ್ತದೆ.

ಆಮೇಲೆ ಚೀಸ್. ಗಟ್ಟಿಯದನ್ನು ಅರ್ಧದಷ್ಟು ಮಾತ್ರ ಕತ್ತರಿಸಿ, ಉಳಿದರ್ಧ ತುಂಡಾಗಿಯೇ ಚಾಕುವಿನೊಂದಿಗೆ ಇಡಿ. ಎಲ್ಲವನ್ನೂ ಹೆಚ್ಚಿಟ್ಟರೆ ಅಂಚು ಒಣಗಿ ಮೇಲೆ ಎಣ್ಣೆ ಬೆವರುತ್ತದೆ. ಚೀಸನ್ನು ಒಂದು ತಾಸು ಮುಂಚೆ ಹೊರಗಿಡಿ ಎಂಬ ಸಲಹೆ ತಂಪು ನಾಡಿನದ್ದು. ನಮ್ಮ ಸೆಕೆಗೆ 20 ನಿಮಿಷ ಸಾಕು. ಪೇರಲ ಪಾಕದ ತುಣುಕುಗಳು ಚೆಡ್ಡರ್ ಪಕ್ಕಕ್ಕೇ ಬರಲಿ, ಅವೆರಡು ಒಂದೇ ತುತ್ತಿಗೆ ಸೇರಬೇಕಾದವು. ಕರದಂಟನ್ನು 20 ನಿಮಿಷ ಫ್ರಿಜ್‌ನಲ್ಲಿಟ್ಟು, ತುಪ್ಪ ಸವರಿದ ಚಾಕುವಿನಿಂದ ಹೆಬ್ಬೆರಳಿನ ಉಗುರಿನಷ್ಟು ಚೌಕ ಮಾಡಿ ಗೌಡಾ ಹತ್ತಿರ ಇಡಿ.

ರೊಟ್ಟಿಯನ್ನು ಎರಡು ಕಡೆ ಅಂಚಿಗೆ ಒರಗಿಸಿ, ಹಣ್ಣಿನಿಂದ ದೂರ. ಅರ್ಧ ಮಾತ್ರ ಹಲಗೆಗೆ, ಉಳಿದದ್ದು ಡಬ್ಬಿಯಲ್ಲೇ ಇದ್ದು ಖಾಲಿಯಾದಂತೆ ಬರಲಿ. ಸಂದುಗಳಿಗೆ ಶೇಂಗಾ, ಗೋಡಂಬಿ, ಒಣದ್ರಾಕ್ಷಿ.

ಸೇಬು, ಪೇರಲ ಕೊನೆಗೆ. ಎರಡು ಲೋಟ ನೀರಿಗೆ ಒಂದು ಲಿಂಬೆ ಹಿಂಡಿ, ಹೋಳುಗಳನ್ನು ಐದು ನಿಮಿಷ ಮುಳುಗಿಸಿ, ಒರೆಸಿ ಇಡಿ. ಒರೆಸದೆ ಇಟ್ಟರೆ ಮಾಡಿದ್ದೆಲ್ಲ ವ್ಯರ್ಥ. ಮಾಂಸ ಎಲ್ಲಕ್ಕಿಂತ ತಡವಾಗಿ, ಅತಿಥಿಗಳು ಕೂತ ಮೇಲೆ ಫ್ರಿಜ್‌ನಿಂದ ನೇರ ಹಲಗೆಗೆ. ಸಲಾಮಿಯನ್ನು ಗುಲಾಬಿಯಂತೆ ಸುತ್ತುವ ವಿಡಿಯೊಗಳನ್ನು ನಂಬಬೇಡಿ, ಕೈಬಿಸಿಗೆ ಕೊಬ್ಬು ಕರಗುತ್ತದೆ. ಎರಡು ಸಲ ಮಡಚಿ ಸಾಲಾಗಿ ಒತ್ತಿಟ್ಟರೆ ಆಯಿತು.

ಅಲಂಕಾರಕ್ಕೆ ಪ್ಲಾಸ್ಟಿಕ್ ಮೇಪಲ್ ಎಲೆ ಯಾಕೆ? ನಮ್ಮ ಮರಗಳು ಎಲೆ ಉದುರಿಸುವುದು ಶಿವರಾತ್ರಿಯ ಆಸುಪಾಸಿಗೆ. ಈ ಕಾಲಕ್ಕೆ ಒಂದೆರಡು ಗೋವಿನಜೋಳದ ತೆನೆ, ಬುಡಸಹಿತ ಕಿತ್ತ ಶೇಂಗಾ ಗಿಡ ಹಲಗೆಯ ಪಕ್ಕದಲ್ಲಿಡಿ, ಮಣ್ಣು ತೊಳೆದು. ಸಂತೆಯ ಚೆಂಡುಹೂವಿಗೆ ಔಷಧ ಹೊಡೆದಿರಬಹುದು, ತಿನಿಸಿಗೆ ತಾಗಿಸಬೇಡಿ.

ಎಷ್ಟು ಹೊತ್ತು ಇಡಬಹುದು

ಮಾಂಸ, ಚಕ್ಕಾ, ಪನೀರ್, ಕುಂದಾ, ಹೆಚ್ಚಿದ ಹಣ್ಣು ಹೊರಗೆ ಎರಡು ತಾಸು. ಕೋಣೆಯ ಬಿಸಿ 32 ಡಿಗ್ರಿ ದಾಟಿದರೆ ಒಂದೇ ತಾಸು. ಅದನ್ನು ಮೀರಿ ಉಳಿದದ್ದನ್ನು ಎಸೆಯಬೇಕು, ಮತ್ತೆ ಫ್ರಿಜ್‌ಗಿಟ್ಟರೆ ಪ್ರಯೋಜನವಿಲ್ಲ. ಗಟ್ಟಿ ಚೀಸಿನ ಕತ್ತರಿಸದ ತುಂಡನ್ನು ಬಟರ್ ಪೇಪರ್‌ನಲ್ಲಿ ಸುತ್ತಿ ಫ್ರಿಜ್‌ನಲ್ಲಿಡಬಹುದು. ಹಲಗೆಗೆ ಬಂದ ರೊಟ್ಟಿಯನ್ನು ಡಬ್ಬಿಯ ರೊಟ್ಟಿಯ ಜೊತೆ ಬೆರೆಸಬೇಡಿ, ಅದರ ಪಸೆಗೆ ಉಳಿದದ್ದೂ ಮೆತ್ತಗಾಗುತ್ತದೆ.