ಸರ್ಟಿಫೈಡ್ ಕಾರಿನ ವಾರಂಟಿ: ನಾನು ಓದಿದ್ದು, ಬಳಸಿದ್ದು

ಹಳೆ ಕಾರು ತೊಗೊಳ್ಳೋಕೆ ಹೊರಟವರು ಮೊದಲು ಮಾಡೆಲ್ ನೋಡುತ್ತಾರೆ, ಎಷ್ಟು ಓಡಿದೆ, ಎಷ್ಟನೇ ಓನರ್ ಅಂತ ಕೇಳುತ್ತಾರೆ. ನಾನು ಮೊದಲು ಕೇಳಿದ್ದು ವಾರಂಟಿ ಪುಸ್ತಕ. ಸರ್ಟಿಫೈಡ್ ಗಾಡಿಗೆ, ಅಂದರೆ ಪರೀಕ್ಷೆ ಮಾಡಿ ವಾರಂಟಿ ಜೊತೆ ಮಾರುವ ಹಳೆ ಗಾಡಿಗೆ, ನಾವು ದಲ್ಲಾಳಿ ಹತ್ತಿರ ಸಿಗುವ ಅದೇ ಮಾಡೆಲ್‌ಗಿಂತ ಜಾಸ್ತಿ ದುಡ್ಡು ಕೊಡುತ್ತೇವೆ. ಆ ಜಾಸ್ತಿ ದುಡ್ಡಿಗೆ ಕೈಗೆ ಸಿಗುವುದು ಮುಖ್ಯವಾಗಿ ಆ ಪುಸ್ತಕವೇ. ಅದನ್ನು ಗಾಡಿ ಮನೆಗೆ ಬಂದ ಮೇಲೆ ಓದಿದರೆ ಏನು ಬಂತು?

ಶೋರೂಮಿನ ಹುಡುಗ ಒಳ್ಳೆಯವನೇ. "ಸರ್, ಇಂಜಿನ್, ಗೇರ್‌ಬಾಕ್ಸ್ ಎಲ್ಲಾ ವಾರಂಟಿಯಾಗ ಬರ್ತದ್ರಿ, ನೀವೇನೂ ತಲಿ ಕೆಡಿಸ್ಕೋಬ್ಯಾಡ್ರಿ" ಅಂದ. ಬರಲ್ಲ ಅನ್ನೋ ಸಾಮಾನಿನ ಪಟ್ಟಿ ತೋರಿಸಪ್ಪಾ ಅಂದೆ. ಒಳಗೆ ಹೋಗಿ ತಂದುಕೊಟ್ಟ. ಅಲ್ಲೇ ಕೂತು ಪೂರ್ತಿ ಓದಿದೆ, ಫೋಟೋ ಹೊಡೆದುಕೊಂಡೆ. ಯಾರೂ ಬೇಡ ಅನ್ನಲಿಲ್ಲ. ಕೇಳಿದರೆ ಕೊಡುತ್ತಾರೆ, ಕೇಳುವವರು ಕಡಿಮೆ ಅಷ್ಟೇ.

ಆ ಕಾಗದ ಓದುವ ಮುಂಚೆ ಒಂದು ವಿಷಯ ಸ್ಪಷ್ಟ ಮಾಡಿಕೊಳ್ಳಬೇಕು. ಹಳೆ ಕಾರಿನಲ್ಲಿ ಎರಡು ವಾರಂಟಿ ಇರಬಹುದು. ಒಂದು, ಹೊಸದಾಗಿದ್ದಾಗ ಕಂಪನಿ ಕೊಟ್ಟಿದ್ದರಲ್ಲಿ ಉಳಿದದ್ದು. ಇನ್ನೊಂದು, ಸರ್ಟಿಫೈಡ್ ಅಂತ ಮಾರುವಾಗ ಹೊಸದಾಗಿ ಕೊಡುವುದು. ಉಳಿದದ್ದು ಸಾಮಾನ್ಯವಾಗಿ ಗಾಡಿಯ ಜೊತೆಗೇ ಬರುತ್ತದೆ, ಆದರೆ ಲೆಕ್ಕ ಮೊದಲ ಓನರ್‌ಗೆ ಡೆಲಿವರಿ ಆದ ದಿನದಿಂದ, ನಾವು ತೊಗೊಂಡ ದಿನದಿಂದ ಅಲ್ಲ. ಮಾರುತಿ 2024ರ ಜುಲೈನಲ್ಲಿ ಹೊಸ ಕಾರಿನ ವಾರಂಟಿಯನ್ನು 2 ವರ್ಷ ಅಥವಾ 40,000 ಕಿ.ಮೀ.ನಿಂದ 3 ವರ್ಷ ಅಥವಾ 1 ಲಕ್ಷ ಕಿ.ಮೀ.ಗೆ ಏರಿಸಿತು. ನಾನು ನೋಡಿದ್ದು ಅದಕ್ಕಿಂತ ಹಳೆಯ ಗಾಡಿ, ಹಳೆ ಲೆಕ್ಕದ ವಾರಂಟಿ ಮುಗಿದಿತ್ತು. ಹಾಗಾಗಿ ಕಂಪನಿಯದ್ದು ಏನೂ ಉಳಿದಿರಲಿಲ್ಲ. ಹಳೆ ಓನರ್ ದುಡ್ಡು ಕಟ್ಟಿ ಎಕ್ಸ್‌ಟೆಂಡೆಡ್ ವಾರಂಟಿ ತೊಗೊಂಡಿದ್ದರೆ ಅದನ್ನು ನಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಬೇರೆ ಅರ್ಜಿ ಬೇಕಾಗಬಹುದು, ಅದನ್ನೂ ಕೇಳಿ.

ಇನ್ನು ಈ "ಇಷ್ಟು ಕಡೆ ಚೆಕ್ ಮಾಡಿದ್ದೇವೆ" ಅನ್ನೋದು. ಮಾರುತಿಯದ್ದೇ ಹಳೆ ಕಾರು ಮಾರುವ ಟ್ರೂ ವ್ಯಾಲ್ಯೂನವರು 376 ಕಡೆ ಪರೀಕ್ಷೆ ಅನ್ನುತ್ತಾರೆ, 1 ವರ್ಷದವರೆಗೆ ವಾರಂಟಿ, 3 ಸರ್ವಿಸ್ ಫ್ರೀ ಅನ್ನುತ್ತಾರೆ. ಪರೀಕ್ಷೆ ಮಾಡಿರುವುದು ಒಳ್ಳೆಯದೇ, ಆದರೆ ಅದು ಆ ದಿನ ಗಾಡಿ ಹೇಗಿತ್ತು ಅಂತ ಹೇಳುವ ಕಾಗದ. ನಾಳೆ ಕೆಟ್ಟರೆ ಯಾರು ದುಡ್ಡು ಕೊಡುತ್ತಾರೆ ಅನ್ನೋದು ವಾರಂಟಿ ಪುಸ್ತಕದಲ್ಲೇ ಇರುತ್ತದೆ. ಪರೀಕ್ಷೆ ಮಾಡಿದ ಎಷ್ಟೋ ಸಾಮಾನು ವಾರಂಟಿಯಲ್ಲಿ ಇರುವುದೇ ಇಲ್ಲ. ಟೈರ್ ಚೆಕ್ ಮಾಡುತ್ತಾರೆ, ಬ್ಯಾಟರಿ ಚೆಕ್ ಮಾಡುತ್ತಾರೆ, ಎರಡಕ್ಕೂ ವಾರಂಟಿ ಇಲ್ಲ.

ನನ್ನ ಪುಸ್ತಕದಲ್ಲಿ ಇಂಜಿನ್ ಅಂದರೆ ಒಳಗೆ ಎಣ್ಣೆಯಲ್ಲಿ ಓಡುವ ಭಾಗಗಳು: ಪಿಸ್ಟನ್, ಕ್ರ್ಯಾಂಕ್, ವಾಲ್ವ್, ಆಯಿಲ್ ಪಂಪ್ ಇಂಥವು. ಗೇರ್‌ಬಾಕ್ಸ್ ಅಂದರೆ ಅದರೊಳಗಿನ ಗೇರ್, ಶಾಫ್ಟ್, ಬೇರಿಂಗ್. ಕ್ಲಚ್ ಪ್ಲೇಟ್ ಗೇರ್‌ಬಾಕ್ಸ್ ಪಕ್ಕದಲ್ಲೇ ಇದ್ದರೂ ಬರಲ್ಲ, ಯಾಕೆಂದರೆ ಅದು ಸವೆಯುವ ಸಾಮಾನು. ಬ್ರೇಕ್ ಪ್ಯಾಡ್, ವೈಪರ್, ಬೆಲ್ಟ್, ರಬ್ಬರ್ ಬುಷ್, ಬಲ್ಬ್ ಇವಕ್ಕೂ ಅದೇ ಕಥೆ. ನಾನು ಇದನ್ನೆಲ್ಲ ಮೂರು ಭಾಗ ಮಾಡಿಕೊಂಡೆ. ಒಳಗಿನಿಂದ ತಾನಾಗಿ ಕೆಟ್ಟರೆ ವಾರಂಟಿ. ಹೊರಗಿನಿಂದ ಏಟು ಬಿದ್ದರೆ ಇನ್ಶೂರೆನ್ಸ್. ಸವೆದರೆ ನಮ್ಮ ಜೇಬು. ತೊಗರಿ ರಾಶಿ ಮುಗಿದು ಅಂಗಳದಲ್ಲಿ ಚೀಲ ಒಟ್ಟಿರುವಾಗ ಪಕ್ಕದಲ್ಲಿ ಕಾರು ನಿಲ್ಲಿಸಿದರೆ ಇಲಿ ವೈರ್ ಕಡಿಯುತ್ತದೆ, ನಮ್ಮ ಕಡೆ ಇದು ಬಹಳ. ಅದನ್ನು ಹಿಡಿದುಕೊಂಡು ವಾರಂಟಿ ಕೇಳಲು ಹೋದರೆ ಆಗಲ್ಲ, ಇನ್ಶೂರೆನ್ಸ್ ಪಾಲಿಸಿ ತೆಗೆದು ನೋಡಬೇಕು. ಆ ಪಾಲಿಸಿಯೂ ನಮ್ಮ ಹೆಸರಿಗೆ ಆಗಿರಬೇಕು, ಗಾಡಿ ಹೆಸರು ಬದಲಾದ 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೆ ತಿಳಿಸಿ ಮಾಡಿಸಿಕೊಳ್ಳಬೇಕು.

ನನಗೆ ಜಾಸ್ತಿ ಚಿಂತೆ ಇದ್ದದ್ದು ಎಸಿಯದ್ದು. ಮೇ ತಿಂಗಳಲ್ಲಿ ಕಲಬುರಗಿ ಬಿಸಿಲು 42, 43 ಡಿಗ್ರಿ ಅಂದರೆ ಯಾರಿಗೂ ಆಶ್ಚರ್ಯ ಇಲ್ಲ. ಇಂಥ ಊರಲ್ಲಿ ಎಸಿ ಕಂಪ್ರೆಸರ್ ಪಟ್ಟಿಯಲ್ಲಿದೆಯಾ ಇಲ್ಲವಾ ಅನ್ನೋದು ಸಣ್ಣ ಮಾತಲ್ಲ. ಕಡಿಮೆ ದರದ ಪ್ಲಾನ್‌ನಲ್ಲಿ ಇರಲಿಲ್ಲ, ಸ್ವಲ್ಪ ಜಾಸ್ತಿ ಕೊಟ್ಟರೆ ಸಿಗುವ ಪ್ಲಾನ್‌ನಲ್ಲಿ ಇತ್ತು. ನಾನು ಎರಡನೆಯದನ್ನೇ ತೊಗೊಂಡೆ. ಮ್ಯೂಸಿಕ್ ಸಿಸ್ಟಮ್, ಸೀಟ್ ಕವರ್ ಅಂತ ಕೊಡೋ ದುಡ್ಡನ್ನು ಇಲ್ಲಿ ಹಾಕಿದರೆ ಉಪಯೋಗ ಅಂತ ಈಗಲೂ ಹೇಳುತ್ತೇನೆ.

ಅದು ಕೆಲಸಕ್ಕೂ ಬಂತು. ಬೇಸಿಗೆಯಲ್ಲಿ ಜೇವರ್ಗಿ ಕಡೆಯಿಂದ ಬರುವಾಗ ಎಸಿ ಬಿಸಿ ಗಾಳಿ ಬಿಡೋಕೆ ಶುರು ಮಾಡಿತು. ನಮ್ಮ ಪರಿಚಯದ ಮಿಸ್ತ್ರಿಗೆ ಫೋನ್ ಮಾಡಿದೆ. "ನಾ ಬಿಚ್ಚಿ ನೋಡ್ತೀನಂದ್ರ ನೋಡ್ತೀನ್ರಿ ಅಣ್ಣ, ಆದ್ರ ನಾ ಕೈ ಹಚ್ಚಿದ್ರ ನಿಮ್ಮ ವಾರಂಟಿ ಹೋಗ್ತದ" ಅಂದ. ತನಗೆ ಬರುವ ದುಡ್ಡು ಬಿಟ್ಟು ಸರಿಯಾದ ಮಾತು ಹೇಳಿದ ಮನುಷ್ಯ, ನನಗೆ ಅವನ ಮೇಲೆ ಗೌರವ ಜಾಸ್ತಿಯಾಯಿತು. ನೇರ ಕಂಪನಿ ವರ್ಕ್‌ಶಾಪಿಗೆ ಹೋದೆ. ಜಾಬ್ ಕಾರ್ಡ್‌ನಲ್ಲಿ (ವರ್ಕ್‌ಶಾಪಿನವರು ಕೆಲಸ ಬರೆದುಕೊಳ್ಳುವ ಚೀಟಿ) ದೂರು ನಾನು ಹೇಳಿದ ಹಾಗೇ ಬರೆಸಿದೆ. ಬಿಚ್ಚುವ ಮುಂಚೆ ಇನ್ನೊಂದು ಮಾತು ಕೇಳಿದೆ: ಬಿಚ್ಚಿ ನೋಡಿದ ಮೇಲೆ ಕ್ಲೇಮ್ ಆಗಲಿಲ್ಲ ಅಂದರೆ ಬಿಚ್ಚಿದ ಕೂಲಿ ಯಾರದ್ದು? ನಮ್ಮದೇ. ಇದು ಗೊತ್ತಿದ್ದೇ ಸಹಿ ಹಾಕಬೇಕು.

ಕಂಪ್ರೆಸರ್‌ನದ್ದೇ ದೋಷ ಅಂತ ಬಂತು. ವರ್ಕ್‌ಶಾಪಿನವರು ಫೋಟೋ, ಕಿಲೋಮೀಟರ್ ರೀಡಿಂಗ್, ನನ್ನ ಸರ್ವಿಸ್ ಬಿಲ್ ಎಲ್ಲ ವಾರಂಟಿ ಕೊಟ್ಟವರಿಗೆ ಕಳಿಸಿದರು. ಒಪ್ಪಿಗೆ ಬರುವ ತನಕ ಯಾರೂ ಸಾಮಾನು ಹಾಕಲ್ಲ, ನಾವೂ ಅವಸರ ಮಾಡಿ ಹಾಕಿಸಬಾರದು, ಒಪ್ಪಿಗೆ ಇಲ್ಲದೆ ಮಾಡಿಸಿದ ಕೆಲಸಕ್ಕೆ ಆಮೇಲೆ ದುಡ್ಡು ಬರುವುದು ಕಷ್ಟ. ಕೊನೆಗೆ ಕಂಪ್ರೆಸರ್ ಮತ್ತು ಅದರ ಕೂಲಿ ವಾರಂಟಿಯಲ್ಲಿ ಆಯಿತು. ಗ್ಯಾಸ್, ಎಣ್ಣೆ, ಸಣ್ಣ ರಬ್ಬರ್ ರಿಂಗ್‌ಗಳ ದುಡ್ಡು ನಾನು ಕೊಟ್ಟೆ. ಕಾಗದದಲ್ಲಿ ಹಾಗೇ ಇತ್ತು, ಹಾಗಾಗಿ ಜಗಳದ ಮಾತೇ ಬರಲಿಲ್ಲ.

ಆ ಸರ್ವಿಸ್ ಬಿಲ್ ಇರದಿದ್ದರೆ ಕಥೆ ಬೇರೆ ಆಗುತ್ತಿತ್ತು. ಹೇಳಿದ ತಿಂಗಳಿಗೆ ಅಥವಾ ಕಿಲೋಮೀಟರಿಗೆ, ಯಾವುದು ಮೊದಲೋ ಆಗ, ಅವರು ಹೇಳಿದ ವರ್ಕ್‌ಶಾಪಿನಲ್ಲೇ ಸರ್ವಿಸ್ ಆಗಿರಬೇಕು. ನಾನು ಸೇಡಂ, ವಾಡಿ ಕಡೆ ಓಡಾಡುವವನು, ಸಿಮೆಂಟ್ ಫ್ಯಾಕ್ಟರಿ ಮತ್ತು ಕಲ್ಲು ಗಣಿಯ ಧೂಳು. ಏರ್ ಫಿಲ್ಟರ್ ಹೇಳಿದ್ದಕ್ಕಿಂತ ಮುಂಚೆಯೇ ಬದಲಿಸುತ್ತೇನೆ, ಬಿಲ್ ಇಟ್ಟುಕೊಳ್ಳುತ್ತೇನೆ. ಟೆಂಪರೇಚರ್ ಮುಳ್ಳು ಮೇಲೆ ಹೋದರೆ ಎಲ್ಲಿದ್ದರೂ ಗಾಡಿ ನಿಲ್ಲಿಸಿ. ವಾಟರ್ ಪಂಪ್ ಕೆಟ್ಟದ್ದು ವಾರಂಟಿಯಲ್ಲಿ ಆಗಬಹುದು, ಆದರೆ ಇನ್ನೇನು ಊರು ಬಂತು ಅಂತ ಓಡಿಸಿ ಇಂಜಿನ್ ಹೆಡ್ (ಇಂಜಿನ್ನಿನ ಮೇಲಿನ ಭಾಗ) ಸುಟ್ಟರೆ ಅದು ನಿಮ್ಮ ತಪ್ಪು ಅಂತ ಕ್ಲೇಮ್ ತಳ್ಳಿಹಾಕುತ್ತಾರೆ. ಹಾರ್ನ್, ಎಲ್‌ಇಡಿ ಲೈಟ್ ಅಂತ ಸುಮ್ನೆ ವೈರ್ ಕತ್ತರಿಸಿ ಜೋಡಿಸುವುದೂ ಬೇಡ.

ಬೀದರ್, ಕಲಬುರಗಿಯ ಸುಮಾರು ಜನ ಹೈದರಾಬಾದಿಗೆ ಹೋಗಿ ಗಾಡಿ ತರುತ್ತಾರೆ. ಅಲ್ಲಿ ಆಯ್ಕೆ ಜಾಸ್ತಿ, ನಿಜ. ನಾನೂ ಹೋಗಿ ನೋಡಿದ್ದೆ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ವಾರಂಟಿ ಕೊಡುವವರು ಯಾರು, ರಿಪೇರಿ ಎಲ್ಲಿ? ಕಾರು ಕಂಪನಿಯೇ ಕೊಟ್ಟಿದ್ದರೆ ಕಲಬುರಗಿಯ ವರ್ಕ್‌ಶಾಪಿನಲ್ಲೂ ಮಾಡಿಸಬಹುದಾ ಅಂತ ಬರಹದಲ್ಲಿ ತೊಗೊಳ್ಳಿ. ಮಾರಿದ ಅಂಗಡಿಯವರೇ ಕೊಟ್ಟಿದ್ದರೆ ಕೆಟ್ಟ ಗಾಡಿಯನ್ನು ಇನ್ನೂರು ಚಿಲ್ಲರೆ ಕಿಲೋಮೀಟರ್ ಎಳೆಸಿಕೊಂಡು ಹೋಗಬೇಕು, ಆ ಖರ್ಚು ಅವರು ಕೊಡಲ್ಲ. ಜೊತೆಗೆ ಅಲ್ಲಿನ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ), ಇಲ್ಲಿನ ರೋಡ್ ಟ್ಯಾಕ್ಸ್, ಕಲಬುರಗಿಯ ಕೆಎ 32 ಅಥವಾ ಬೀದರ್‌ನ ಕೆಎ 38 ನಂಬರ್ ಕೆಲಸ ಇದೆ. ನಂಬರ್ ಬದಲಾದ ಮೇಲೆ ವಾರಂಟಿಯಲ್ಲೂ ಹೊಸ ನಂಬರ್ ಹಾಕಿಸಬೇಕು, ಚಾಸಿಸ್ ನಂಬರ್ ಸರಿ ಇದೆಯಾ ಅಂತ ಅಕ್ಷರ ಅಕ್ಷರ ನೋಡಬೇಕು. 2023ರ ಏಪ್ರಿಲ್ 1ರಿಂದ ಹಳೆ ಗಾಡಿ ಮಾರುವ ಡೀಲರ್ ಆರ್‌ಟಿಒದಿಂದ ಅಧಿಕಾರ ಪತ್ರ ಪಡೆಯಬೇಕು ಅನ್ನೋ ನಿಯಮ ಇದೆ. ಅದನ್ನೂ ತೋರಿಸಿ ಅನ್ನಿ.

ಪಟ್ಟಿಯಲ್ಲಿರುವ ಸಾಮಾನಿಗೂ ಇಲ್ಲ ಅಂದರೆ ಕಾರಣ ಬರಹದಲ್ಲಿ ಕೇಳಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಗಾಡಿ ಹೈದರಾಬಾದಿನಲ್ಲಿ ತೊಗೊಂಡಿದ್ದರೂ ನೀವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 2019ರ ಗ್ರಾಹಕ ಕಾಯ್ದೆಯಲ್ಲಿ ಆ ಅವಕಾಶ ಇದೆ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವೂ ಇಲ್ಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ದಾಟಬಾರದು ಅಷ್ಟೇ.

ನನ್ನ ವಾರಂಟಿ ಮುಗಿಯುವ ತಾರೀಖನ್ನು ಫೋನಿನಲ್ಲಿ ಹಾಕಿಟ್ಟಿದ್ದೆ. ಅದಕ್ಕೆ ತಿಂಗಳ ಮುಂಚೆಯೇ ಗಾಡಿಯನ್ನು ವರ್ಕ್‌ಶಾಪಿಗೆ ಒಯ್ದು, ಲಿಫ್ಟ್ ಮೇಲೆ ಎತ್ತಿಸಿ, ಪಟ್ಟಿ ಕೈಯಲ್ಲಿ ಹಿಡಿದು ಒಂದೊಂದೇ ನೋಡಿಸಿದೆ. ಸ್ಟೇರಿಂಗ್ ತಿರುಗಿಸುವಾಗ ಕಟ್ ಕಟ್ ಅಂತ ಸಣ್ಣ ಸದ್ದು ಇತ್ತು, ಅದನ್ನು ತಾರೀಖು ಸಮೇತ ಜಾಬ್ ಕಾರ್ಡಿನಲ್ಲಿ ಬರೆಸಿ ಪ್ರತಿ ಇಟ್ಟುಕೊಂಡೆ. ಸ್ಟೇರಿಂಗ್ ರ‍್ಯಾಕ್ (ಚಕ್ರ ತಿರುಗಿಸುವ ಭಾಗ) ಕೆಟ್ಟಿದೆ ಅಂತ ಬಂತು. ಹೊಸದು ಬಂದು ಹಾಕುವಷ್ಟರಲ್ಲಿ ವಾರಂಟಿ ತಾರೀಖು ದಾಟಿತ್ತು. ದೂರು ಮುಂಚೆಯೇ ಬರೆಸಿದ್ದರಿಂದ ಅವರು ಒಪ್ಪಿ ಹಾಕಿಕೊಟ್ಟರು.