ಪುಸ್ತಕವನ್ನು ಮೂರು ತುಂಡು ಮಾಡಿ ಓದಿಸಿದ ನನ್ನ ಅನುಭವ

ಓದುಗರ ಬಳಗ ನಡೆಸುವವರಿಗೆ ಈ ಕಷ್ಟ ಗೊತ್ತೇ ಇರುತ್ತದೆ. ಎಲ್ಲರೂ ಬರುತ್ತಾರೆ, ‘ಚೆನ್ನಾಗಿದೆ’ ಅನ್ನುತ್ತಾರೆ, ಕಾಫಿ ಕುಡಿದು ಹೊರಡುತ್ತಾರೆ. ಮೈಸೂರಿನ ನಮ್ಮ ಬಳಗದಲ್ಲಿ ವರ್ಷಗಟ್ಟಲೆ ಇದೇ ಕತೆ. ಎಲಿಜಬೆತ್ ಗಿಲ್ಬರ್ಟ್ ಡೈವೋರ್ಸಿನ ನಂತರ ಮೂರು ದೇಶ ಸುತ್ತಿ ಬರೆದ ಆತ್ಮಕಥನ ‘ಈಟ್ ಪ್ರೇ ಲವ್’ ಓದೋಣ ಅಂದಾಗ ಮುಖ ಸಿಂಡರಿಸಿದರು. ಅಮೆರಿಕದವಳ ಡೈವೋರ್ಸು, ಕಣ್ಣೀರು ನಮಗ್ಯಾಕೆ ಅಂತ. ಪುಸ್ತಕವನ್ನು ಕತ್ತರಿಸಿ ಹಂಚುತ್ತೇನೆ ಅಂದಾಗಲಂತೂ ಒಬ್ಬ ಮೇಷ್ಟ್ರು, ‘ಸರಸ್ವತಿಗೇ ಚಾಕು ಹಾಕ್ತೀರೇನ್ರೀ?’ ಎಂದು ಎದ್ದೇ ಹೋದರು. ಅದೇ ಮೇಷ್ಟ್ರು ಚರ್ಚೆಯ ದಿನ ರಾತ್ರಿ ಒಂಬತ್ತಾದರೂ ಕುರ್ಚಿ ಬಿಡಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಿಂದೆ ಒಂದೇ ಪ್ರತಿಯನ್ನು ಕೈಯಿಂದ ಕೈಗೆ ದಾಟಿಸಿದ್ದೆವು. ಕೊನೆಯವರಿಗೆ ಸಿಗುವಷ್ಟರಲ್ಲಿ ಮೊದಲು ಓದಿದವರು ಮರೆತಿದ್ದರು. ಎಲ್ಲರಿಗೂ ಹೊಸ ಪ್ರತಿ ತರಿಸಿದ ಸಲ ನಾಲ್ಕು ಸಾವಿರಕ್ಕೂ ಜಾಸ್ತಿ ಹೋಯಿತು, ವಾಪಸ್ ಬಂದದ್ದು ಅರ್ಧ. ವಾಟ್ಸಾಪಿನಲ್ಲಿ ಸಾರಾಂಶ ಹಾಕಿದರೆ ಸಾರಾಂಶವನ್ನೇ ಓದಿ ಬಂದರು.

ಈ ಪುಸ್ತಕ ಬಂದದ್ದು 2006ರಲ್ಲಿ. ಜಪಮಾಲೆಯ ಲೆಕ್ಕದಲ್ಲಿ 108 ಪುಟ್ಟ ಅಧ್ಯಾಯಗಳು. ಇಟಲಿಗೆ 36, ಭಾರತಕ್ಕೆ 36, ಇಂಡೋನೇಷ್ಯಾಕ್ಕೆ 36. ಕಟರ್ ಎಲ್ಲಿಡಬೇಕು ಅಂತ ಲೇಖಕಿಯೇ ಗೆರೆ ಎಳೆದುಕೊಟ್ಟ ಹಾಗಿದೆ. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಎರಡು ಹಳೆ ಪ್ರತಿ ಸಿಕ್ಕವು, ಎರಡೂ ಸೇರಿ ಮುನ್ನೂರರ ಆಸುಪಾಸು. ಗೋಂದಿನ ಬೈಂಡಿಂಗ್ ಆದ್ದರಿಂದ ಕತ್ತರಿಸಿದ ತಕ್ಷಣ ಹಾಳೆಗಳು ಉದುರತೊಡಗಿದವು. ಸ್ಪೈರಲ್ ಹಾಕಿಸಿದರೆ ತೂತುಗಳು ಒಳಅಂಚಿನ ಅಕ್ಷರ ತಿಂದವು. ಕೊನೆಗೆ ರಟ್ಟು ಇಟ್ಟು, ಪಕ್ಕದಲ್ಲಿ ಪಿನ್ ಹೊಡೆಸಿ, ಬಟ್ಟೆ ಟೇಪ್ ಅಂಟಿಸಿದ್ದು ನಿಂತಿತು. ಎಲ್ಲ ಸೇರಿ ಐನೂರು ಚಿಲ್ಲರೆ.

ನಿಯಮ ಎರಡೇ. ನಿಮ್ಮ ದೇಶ ಬಿಟ್ಟು ಬೇರೆ ದೇಶ ಓದುವಂತಿಲ್ಲ. 2010ರ ಸಿನಿಮಾ ನೋಡಿದವರು ಬಾಯಿ ಬಿಡುವಂತಿಲ್ಲ. ಯಾರಿಗೆ ಯಾವ ತುಂಡು ಕೊಡಬೇಕು ಅನ್ನುವುದರಲ್ಲೇ ಇದರ ಗುಟ್ಟಿದೆ, ಅದು ನನ್ನ ಹತ್ತಿರವೇ ಇರಲಿ.

ಚರ್ಚೆಯ ದಿನ ‘ಈ ಲೇಖಕಿ ಎಂಥವಳು?’ ಅಂತ ಕೇಳಿದೆ ಅಷ್ಟೇ. ಇಟಲಿ ಓದಿದವರಿಗೆ ಅವಳ ಮೇಲೆ ಪ್ರೀತಿ. ಸೋತು ಬಂದವಳು ನೇಪಲ್ಸಿನಲ್ಲಿ ಪಿಜ್ಜಾ ತಿಂದು ಚೇತರಿಸಿಕೊಂಡರೆ ಯಾರಿಗೆ ಬೇಡ? ಭಾರತದ ಪಾಲು ಮೇಷ್ಟ್ರದ್ದು. ನಾಲ್ಕು ತಿಂಗಳೂ ಆಶ್ರಮದಲ್ಲೇ ಕಳೆದಳು, ಗುರುಗೀತೆ ಹೇಳೋಕೂ ಒದ್ದಾಡಿದಳು, ಇದರಲ್ಲಿ ಭಾರತ ಎಲ್ಲಿದೆ ಅಂದರು. ‘ಒಂದೇ ಕಡೆ ನಾಲ್ಕು ತಿಂಗಳು ಸುಮ್ನೆ ಕೂರೋಕೆ ನನ್ನನ್ನು ಬಿಡಿ, ನಾನೂ ಕೂರ್ತೀನಿ’ ಅಂದರು ಒಬ್ಬ ಗೃಹಿಣಿ. ಇಂಡೋನೇಷ್ಯಾದ ಬಾಲಿಯ ಪಾಲಿನವರಲ್ಲೇ ಎರಡು ಗುಂಪು. ಅಲ್ಲಿ ಔಷಧಿ ಕೊಡುವ ಹೆಂಗಸಿಗೆ ಮನೆ ಮಾಡಿಕೊಡಲೆಂದು ಲೇಖಕಿ ಗೆಳೆಯರಿಂದ ಸುಮಾರು 18,000 ಡಾಲರ್ ಕೂಡಿಸುತ್ತಾಳೆ. ಆ ಹೆಂಗಸು ಜಾಗ ಕೊಳ್ಳಲು ಮೀನಮೇಷ ಎಣಿಸಿದಾಗ ಸಿಡುಕುತ್ತಾಳೆ. ಇದು ಔದಾರ್ಯವೋ, ಯಜಮಾನಿಕೆಯೋ?

ಆಮೇಲೆ ದುಡ್ಡಿನ ಮಾತು ಬಂತು. ಈ ಪ್ರವಾಸದ ಖರ್ಚು ಹೊರಟದ್ದೇ ಪ್ರಕಾಶಕರು ಕೊಟ್ಟ ಮುಂಗಡದಿಂದ. ಹಾಗಾದರೆ ಅವಳು ಹುಡುಕಿದ್ದು ತನ್ನನ್ನೋ, ಪುಸ್ತಕಕ್ಕೆ ಸರಕನ್ನೋ? ಮೇಷ್ಟ್ರು ಮೇಜು ಕುಟ್ಟಿದರು. ಬ್ಯಾಂಕಿನಲ್ಲಿರುವ ನಮ್ಮ ಸದಸ್ಯೆ ತಣ್ಣಗೆ, ‘ಆಫೀಸಿನ ದುಡ್ಡಲ್ಲಿ ಎಲ್‌ಟಿಸಿ ತಗೊಂಡು ಕಾಶಿಗೆ ಹೋದೋರಿಗೆ ಪುಣ್ಯ ಬರಲ್ವಾ ಮೇಷ್ಟ್ರೇ?’ ಅಂದರು. ಮುಂದಿನ ಅರ್ಧ ಗಂಟೆ ನಾನು ಬಾಯೇ ತೆರೆಯಬೇಕಾಗಲಿಲ್ಲ.

ನನಗಂತೂ ಈ ಪುಸ್ತಕ ಇವತ್ತಿಗೂ ಅರ್ಧ ಇಷ್ಟ, ಅರ್ಧ ಕಿರಿಕಿರಿ. ತನ್ನನ್ನೇ ಗೇಲಿ ಮಾಡಿಕೊಳ್ಳುವ ಧೈರ್ಯ ಇಷ್ಟ. ಕಂಡವರೆಲ್ಲ ಅವಳಿಗೆ ಪಾಠ ಹೇಳಲೆಂದೇ ಹುಟ್ಟಿದವರಂತೆ ಬರುವುದು ಕಿರಿಕಿರಿ.

ಇದೇ ಪ್ರಯೋಗವನ್ನು ‘ಅಮೇರಿಕಾದಲ್ಲಿ ಗೊರೂರು’ ಮೇಲೂ ಮಾಡಿದೆ. ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕಕ್ಕೆ ಕಟರ್ ಇಡಲು ಕೈ ಬರಲಿಲ್ಲ, ಪುಟಗಳನ್ನು ಬರೀ ಹಂಚಿಕೊಟ್ಟೆ. ಅರ್ಧ ಗಂಟೆಯಲ್ಲಿ ಚರ್ಚೆ ಮುಗಿಯಿತು! ಯಾವ ಪುಟ ಓದಿದರೂ ಅದೇ ಗೊರೂರರು, ಎಲ್ಲರಿಗೂ ಅದೇ ನಗು. ಅವರು ತಮ್ಮನ್ನು ಹುಡುಕಿಕೊಂಡು ಹೋದವರಲ್ಲ, ಜಗಳಕ್ಕೆ ಎಡೆಯೇ ಇಲ್ಲ.

ಮುಂದಿನದು ಶೆರಿಲ್ ಸ್ಟ್ರೇಡ್ ಅವರ ‘ವೈಲ್ಡ್’. ಅಮೆರಿಕದ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಅನ್ನುವ ಕಾಲುದಾರಿಯಲ್ಲಿ ನಡೆಯುವಾಗ ಹೊರೆ ಇಳಿಸಲು ಆಕೆ ಓದಿದ ಪುಟಗಳನ್ನೇ ಸುಡುತ್ತಿದ್ದರಂತೆ. ಇದನ್ನು ಮೇಷ್ಟ್ರಿಗೆ ಇನ್ನೂ ಹೇಳಿಲ್ಲ.