ಆಸ್ತಿ ತೆರಿಗೆಯ ಹಳೇ ಬಾಕಿ ವಸೂಲಿ ಮಾಡುವುದು ಹೇಗೆ?

ಮಾರ್ಚ್ ಹತ್ತಿರವಾದಂತೆ ಆಟೋಕ್ಕೆ ಮೈಕು ಕಟ್ಟಿ, ಕಂದಾಯ ಕಟ್ಟಿರೆಂದು ಓಣಿ ಓಣಿಗಳಲ್ಲಿ ಕೂಗಿಸುವುದು ನಮ್ಮ ನಗರಸಭೆ, ಪಟ್ಟಣ ಪಂಚಾಯಿತಿಗಳ ವಾಡಿಕೆ. ಕೊಪ್ಪಳ, ಗಂಗಾವತಿಯಿಂದ ಹಿಡಿದು ಕನಕಗಿರಿ, ಭಾಗ್ಯನಗರದವರೆಗೆ ಯಾವ ಊರಿನಲ್ಲೇ ಆಗಲಿ, ಹಿಂಬಾಕಿ ವಸೂಲಿಯ ಕೆಲಸ ಬೇಡಿಕೆ-ವಸೂಲಿ-ಬಾಕಿ ವಹಿಯಿಂದ, ಅಂದರೆ ಕಚೇರಿಯವರು ಡಿಸಿಬಿ ಎನ್ನುವ ಪಟ್ಟಿಯಿಂದ ಶುರುವಾದರೆ ಮಾತ್ರ ಮೈಕಿನ ಖರ್ಚಾದರೂ ಹುಟ್ಟೀತು.

ಮೊದಲು ಆ ಪಟ್ಟಿಯಲ್ಲಿ ಚಾಲ್ತಿ ಸಾಲಿನ ಬೇಡಿಕೆ, ಹಿಂಬಾಕಿ ಮತ್ತು ದಂಡವನ್ನು ಬೇರೆ ಬೇರೆ ಮಾಡಬೇಕು. ಬಳಿಕ ಹಿಂಬಾಕಿಯನ್ನು ಜರಡಿ ಹಿಡಿಯಬೇಕು. ಒಂದೇ ನಿವೇಶನಕ್ಕೆ ಎರಡು ಸಂಖ್ಯೆ ಬಿದ್ದಿದ್ದರೆ ಒಂದನ್ನು ಸ್ಥಳ ಪರಿಶೀಲಿಸಿ ರದ್ದುಪಡಿಸಬೇಕು. ನ್ಯಾಯಾಲಯದಲ್ಲಿರುವವನ್ನು ಪ್ರತ್ಯೇಕವಾಗಿ ಬರೆದಿಡಬೇಕು. ರೈಲ್ವೆಯಂಥ ಕೇಂದ್ರ ಸರ್ಕಾರದ ಆಸ್ತಿಗಳಿಗೆ ಸಂವಿಧಾನದ 285ನೇ ವಿಧಿಯ ವಿನಾಯಿತಿ ಇರುವುದರಿಂದ ಅವುಗಳನ್ನು ತೆರಿಗೆ ಬಾಕಿಯೆಂದು ತೋರಿಸದೆ, ಸೇವಾ ಶುಲ್ಕಕ್ಕಾಗಿ ಪತ್ರ ವ್ಯವಹಾರ ನಡೆಸಬೇಕು.

ಹೆಚ್ಚು ತಾಳ್ಮೆ ಬೇಡುವುದು ತೀರಿಕೊಂಡವರ ಹೆಸರಿನಲ್ಲಿರುವ ಖಾತೆಗಳು. ಅಜ್ಜ ಹೋಗಿ ಎಷ್ಟೋ ವರ್ಷವಾಗಿರುತ್ತದೆ, ಪಡಸಾಲೆಗೆ ಅಡ್ಡಗೋಡೆ ಎಬ್ಬಿಸಿ ಮೂವರು ಮಕ್ಕಳು ಮೂರು ಬಾಗಿಲು ಮಾಡಿಕೊಂಡಿರುತ್ತಾರೆ, ಆದರೆ ನೋಟಿಸು ಇಂದಿಗೂ ಅಜ್ಜನ ಹೆಸರಿಗೇ ಬರುತ್ತದೆ. ಹಿರಿಯವನು ಕಿರಿಯವನ ಕಡೆ, ಕಿರಿಯವನು ನಡುವಿನವನ ಕಡೆ ಕೈ ತೋರಿಸಿದರೆ ಬಿಲ್ ಕಲೆಕ್ಟರ್ ಯಾರನ್ನು ಕೇಳಬೇಕು? ಇಂಥ ಮನೆಗಳಿಗೆ ಎಚ್ಚರಿಕೆ ಪತ್ರ ಕಳಿಸುವ ಬದಲು ವಾರ್ಡಿನಲ್ಲೇ ಶಿಬಿರ ಹೂಡಿ, ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಪಡೆದು ಖಾತೆ ಬದಲಾವಣೆಯ ಅರ್ಜಿಯನ್ನೂ ಬಾಕಿಯನ್ನೂ ಒಂದೇ ಮೇಜಿನಲ್ಲಿ ತೆಗೆದುಕೊಳ್ಳುವುದು ಮೇಲು. ನೋಂದಣಿಗೆ ಇ-ಖಾತಾ ಕಡ್ಡಾಯವಾದ ಮೇಲೆ ಜನರಿಗೂ ಈ ಕಾಗದದ ಗರಜು ಇದೆ.

ಮೂರನೆಯದು ಹೊತ್ತು ನೋಡುವುದು. ಸುಗ್ಗಿ ಮುಗಿದ ಮೇಲೆ ಮಳೆಯಾಶ್ರಿತ ಹೋಬಳಿಗಳ ಎಷ್ಟೋ ಕುಟುಂಬಗಳು ಬೆಂಗಳೂರು, ಮಂಗಳೂರಿನ ಕಡೆಗೆ ಗುಳೆ ಹೋಗುತ್ತವೆ. ಬೀಗ ಹಾಕಿದ ಬಾಗಿಲಿಗೆ ಫೆಬ್ರುವರಿಯಲ್ಲಿ ಅಂಟಿಸಿದ ನೋಟಿಸನ್ನು ಓದುವವರಾದರೂ ಯಾರು? ಅವರು ಯುಗಾದಿಗೆ ಊರಿಗೆ ಬರುತ್ತಾರೆ. ತೆರಿಗೆಗೆ ರಿಯಾಯಿತಿ ಸಿಗುವ ಏಪ್ರಿಲ್ ಕೂಡ ಅದಕ್ಕೆ ಹೊಂದಿಕೊಂಡೇ ಇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಗಂಗಾವತಿ, ಕಾರಟಗಿಯಲ್ಲಿ ಮುಂಗಾರಿನ ಭತ್ತ ಮಾರಾಟವಾಗಿ ಕೈಯಲ್ಲಿ ದುಡ್ಡಾಡುವುದು ಡಿಸೆಂಬರ್ ಸುಮಾರಿಗೆ; ಅಲ್ಲಿ ಬಾಕಿ ಕೇಳಬೇಕಾದದ್ದು ಆಗ.

ಬಿಲ್ಲಿನ ಬರಹವೂ ಬದಲಾಗಬೇಕು. ಏಪ್ರಿಲ್ ಒಳಗೆ ಕಟ್ಟಿದರೆ ಶೇ 5 ರಿಯಾಯಿತಿ, ಮೇ ಮತ್ತು ಜೂನ್‌ನಲ್ಲಿ ದಂಡವಿಲ್ಲ, ಜುಲೈನಿಂದ ತಿಂಗಳಿಗೆ ಶೇ 2 ದಂಡ ಎಂಬ ನಿಯಮವನ್ನು ಶೇಕಡಾ ಲೆಕ್ಕದಲ್ಲಿ ಮುದ್ರಿಸುವುದಕ್ಕಿಂತ ರೂಪಾಯಿಯಲ್ಲಿ ಬರೆಯಬೇಕು: ₹3,000 ತೆರಿಗೆಗೆ ಏಪ್ರಿಲ್‌ನಲ್ಲಿ ₹2,850, ಮಾರ್ಚ್‌ವರೆಗೆ ತಳ್ಳಿದರೆ ₹3,540. ಗ್ರಂಥಾಲಯ, ಆರೋಗ್ಯ, ಭಿಕ್ಷುಕರ ಕರಗಳನ್ನು ಬೇರೆ ಸಾಲಿನಲ್ಲಿ ತೋರಿಸಿದರೆ ಕೌಂಟರಿನ ಮುಂದಿನ ಅರ್ಧ ಜಗಳ ತಪ್ಪುತ್ತದೆ.

ಇಷ್ಟಾದ ಮೇಲೂ ಕಟ್ಟದವರಲ್ಲಿ ದೊಡ್ಡ ಮೊತ್ತದವರಿಂದ, ಅಂದರೆ ವಾಣಿಜ್ಯ ಮಳಿಗೆ, ಕಲ್ಯಾಣ ಮಂಟಪ, ಗಿರಣಿಗಳಿಂದ ಆರಂಭಿಸಬೇಕು. ಬಿಲ್ಲು, ಬೇಡಿಕೆ ನೋಟಿಸು, ಜಪ್ತಿ ವಾರಂಟು ಎಂಬ ಕ್ರಮವನ್ನು ಹಾರಿಸಬಾರದು, ಪ್ರತಿ ಹಂತಕ್ಕೂ ಸ್ವೀಕೃತಿಯ ಸಹಿ ಇರಬೇಕು. ಇಲ್ಲದಿದ್ದರೆ ತಡೆಯಾಜ್ಞೆ ಬರುವುದು ಖಚಿತ. ದಂಡ ಮನ್ನಾ ಯೋಜನೆಯನ್ನು ಪದೇ ಪದೇ ತರುವುದನ್ನು ನಾನು ಒಪ್ಪಲಾರೆ. ಅದರಿಂದ ಒಂದು ವರ್ಷ ವಸೂಲಿ ಜಿಗಿದು, ಮರುವರ್ಷ ಮುಂದಿನ ಮನ್ನಾಕ್ಕೆ ಕಾಯುವವರಿಂದ ಕುಸಿಯುತ್ತದೆ; 15ನೇ ಹಣಕಾಸು ಆಯೋಗವೋ, ವಸೂಲಿಯ ಸತತ ಬೆಳವಣಿಗೆಯನ್ನೇ ನಗರ ಸಂಸ್ಥೆಗಳ ಅನುದಾನದ ಷರತ್ತುಗಳಲ್ಲಿ ಒಂದಾಗಿಸಿತ್ತು. ಕಷ್ಟದಲ್ಲಿರುವವರ ಕಂತಿನ ಹಣವನ್ನು ಪಡೆದು, ಯಾವ ಸಾಲಿನ ಬಾಕಿಗೆ ಜಮೆಯಾಯಿತೆಂದು ರಶೀದಿಯಲ್ಲೇ ನಮೂದಿಸಿ, ಅದೇ ದಿನ ವಹಿಗೆ ಏರಿಸಬೇಕು.